ನಮ್ಮ ಮನೆಯ ಚೊಗರು, ಯಾರದೋ ಅಡಿಕೆ

ಈ ವರ್ಷ ನಮ್ಮ ಹಿತ್ತಿಲಲ್ಲಿ ಅಡಿಕೆ ಬೇಯಲಿಲ್ಲ. ಹಸಿ ಕಾಯನ್ನೇ, ಮರದ ಮೇಲಿನ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರಿಗೆ ಕೊಟ್ಟುಬಿಟ್ಟೆವು. ಅವರೇ ಬಂದು ಕೊಯ್ದುಕೊಂಡು ಹೋದರು. ಆದರೂ ಮಧ್ಯಾಹ್ನ ಊಟ ಮುಗಿಸಿ ನಾನು ಈಸಿ ಚೇರಿನಲ್ಲಿ ಕಣ್ಣು ಮುಚ್ಚಿದರೆ ಆ ವಾಸನೆ ಬರುತ್ತದೆ. ಒಗರು, ಹೊಗೆ, ತಾಮ್ರ, ಹಸಿ ಸಿಪ್ಪೆ ಎಲ್ಲವೂ ಕೂಡಿದ ವಾಸನೆ. ಎದ್ದು ಹೋಗಿ ನೋಡುತ್ತೇನೆ. ಒಲೆ ತಣ್ಣಗಿರುತ್ತದೆ, ಅದರ ಬಾಯಲ್ಲಿ ಬೆಕ್ಕು ಮಲಗಿರುತ್ತದೆ. ಅಡುಗೆಮನೆಯ ಕಿಟಕಿಯಿಂದ ನನ್ನ ನಾದಿನಿ ನೋಡಿಯೂ ನೋಡದವಳ ಹಾಗೆ ಮುಖ ತಿರುಗಿಸುತ್ತಾಳೆ. ಅವಳಿಗೂ ಬರುತ್ತದೆ, ನನಗೆ ಗೊತ್ತು. ನಾವು ಅದನ್ನು ಡಿಸ್ಕಸ್ ಮಾಡುವುದಿಲ್ಲ.

ಚೊಗರು ಎಂದರೆ ಏನೆಂದು ಅಡಿಕೆ ಸೀಮೆಯ ಹೊರಗಿನವರಿಗೆ ಹೇಳಬೇಕು. ಎಳೆ ಅಡಿಕೆಯ ಸಿಪ್ಪೆ ಸುಲಿದು ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಬೇಯಿಸುತ್ತಾರೆ. ಬೇಯುತ್ತ ಬೇಯುತ್ತ ಆ ನೀರು ಕೆಂಪಾಗಿ, ಮಂದವಾಗಿ, ಕೊನೆಗೆ ಕಾಕಂಬಿಯಂತೆ ಆಗುತ್ತದೆ. ಅದೇ ಚೊಗರು. ಅಡಿಕೆಗೆ ಬಣ್ಣ, ಹೊಳಪು, ಬಾಯಿಗೆ ಹತ್ತುವ ಆ ರುಚಿ ಎಲ್ಲ ಅದರದೇ. ಸೀಸನ್ ಮುಗಿದ ಮೇಲೆ ಉಳಿದ ಗಟ್ಟಿ ಚೊಗರನ್ನು ದೊಡ್ಡ ಮಣ್ಣಿನ ಗುಡಾಣಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕತ್ತಲ ಮೂಲೆಯಲ್ಲಿ ಇಡುತ್ತಾರೆ. ಮುಂದಿನ ವರ್ಷದ ಮೊದಲ ಕೊಪ್ಪರಿಗೆಗೆ ಅದನ್ನು ಸುರಿದರೆ ಬಣ್ಣ ಚೆನ್ನಾಗಿ ಹತ್ತುತ್ತದೆ. ಹೀಗೆ ಹೋದ ವರ್ಷದ್ದು ಈ ವರ್ಷದ್ದರೊಳಗೆ, ಅದರ ಹಿಂದಿನದು ಅದರೊಳಗೆ. ನಮ್ಮ ಮನೆಯ ಚೊಗರಿಗೆ ವಯಸ್ಸೆಷ್ಟು ಎಂದು ಕೇಳಿದರೆ ಯಾರೂ ಹೇಳಲಾರರು.

ಮದುವೆಯಾಗಿ ಚನ್ನಗಿರಿಗೆ ಬಂದ ಹೊಸದರಲ್ಲಿ ನನಗೆ ಇದೆಲ್ಲ ವಿಚಿತ್ರವಾಗಿ ಕಂಡಿತ್ತು. ನಾನು ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ಅಲ್ಲಿನ ಕಿಚನ್ನಿನಲ್ಲಿ ಒಂದು ವಿನೆಗರ್ ಜಾಡಿ ಇತ್ತು. ಅದರೊಳಗೆ ಲೋಳೆಯಂಥದ್ದು ತೇಲುತ್ತಿತ್ತು. ಹೊಸ ವಿನೆಗರ್ ಹುಟ್ಟುವುದು ಅದರಿಂದಲೇ ಎಂದು ಸಿಸ್ಟರ್ ಅದನ್ನು ‘ಮದರ್’ ಎನ್ನುತ್ತಿದ್ದರು. ‘ಡೋಂಟ್ ಡಿಸ್ಟರ್ಬ್ ದ ಮದರ್, ಚೈಲ್ಡ್.’ ಅತ್ತೆ ಮೊದಲ ಸಲ ಗುಡಾಣದ ಬಟ್ಟೆ ಬಿಚ್ಚಿ ತೋರಿಸಿದಾಗ ನಾನು ಅದನ್ನೇ ನೆನೆದಿದ್ದೆ.

ಅತ್ತೆ ತೀರಿಕೊಂಡದ್ದು ಅಡಿಕೆ ಬೇಯುವ ಕಾಲದಲ್ಲೇ. ಒಳಗೆ ಅವರ ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊರಗೆ ಅವರೇ ಬೆಳಿಗ್ಗೆ ಹಚ್ಚಿದ ಒಲೆಯ ಮೇಲೆ ಕೊಪ್ಪರಿಗೆ ಕುದಿಯುತ್ತಿತ್ತು. ಯಾರೋ ನೀರು ಸುರಿದು ಒಲೆ ಆರಿಸಲು ಹೋದರು. ನ್ಯಾಮತಿಯ ಗಂಡನ ಮನೆಯಿಂದ ಆಗಷ್ಟೇ ಓಡಿ ಬಂದಿದ್ದ ನಾದಿನಿ ಅವರ ಕೈ ಹಿಡಿದಳು.

“ಆರಿಸ್‌ಬ್ಯಾಡ್ರಿ. ಅವ್ವ ಇಟ್ಟಿರೋದು. ಬೇಯಲಿ.”

ಆ ಕೊಪ್ಪರಿಗೆಯ ಚೊಗರೂ ಗುಡಾಣ ಸೇರಿತು. ಆಮೇಲೆ ಅವಳು ಗಂಡನನ್ನು ಕಳೆದುಕೊಂಡು, ಪುಟ್ಟ ಮಗಳನ್ನು ಕರೆದುಕೊಂಡು, ನ್ಯಾಮತಿ ಬಿಟ್ಟು ನಮ್ಮಲ್ಲಿಗೇ ಬಂದಾಗ ಒಲೆಯ ಜವಾಬ್ದಾರಿಯನ್ನು ತಾನಾಗಿಯೇ ತೆಗೆದುಕೊಂಡಳು. ನನ್ನ ಗಂಡ, ಅವರ ನಂತರ ಮಗ, ಉಬ್ರಾಣಿ ಕಡೆಯ ನಮ್ಮ ತೋಟ ನೋಡಿದರು. ಕಾಯಿ ಮನೆಗೆ ಬಂದ ಮೇಲಿನದೆಲ್ಲ ಅವಳದು. ಮುಟ್ಟಿನಂಥ ಮಾತಿಗೂ ನಾಚದ ಹೆಂಗಸು, ಗುಡಾಣದ ಬಟ್ಟೆ ಬಿಚ್ಚುವಾಗ ಮಾತ್ರ ದನಿ ತಗ್ಗಿಸುತ್ತಿದ್ದಳು. “ಅದ್ರಾಗೆ ಅವ್ವ ಅದಾಳೆ ಕಣೆ ಅತ್ಗೆ. ನಗಬ್ಯಾಡ ನೀನು.”

ನಾನು ನಗುತ್ತಿರಲಿಲ್ಲ.

ಅತ್ತೆಯದೊಂದು ಕಟ್ಟಳೆ ಇತ್ತು. ಹೆಪ್ಪು, ಬೆಂಕಿ, ಚೊಗರು ಕೇಳಿಕೊಂಡು ಬಂದವರಿಗೆ ಮನೆಯಲ್ಲಿ ಇಟ್ಟುಕೊಂಡು ಇಲ್ಲ ಅನ್ನಬಾರದು. ಅದು ನಮ್ಮ ಮನೆಯದು ಮಾತ್ರವಲ್ಲ, ನಮ್ಮ ಓಣಿಯಲ್ಲೆಲ್ಲ ನಡೆದು ಬಂದದ್ದು. ಹೊಸದಾಗಿ ಒಲೆ ಹೂಡಿದವರು, ಗುಡಾಣ ಒಡೆದುಕೊಂಡವರು, ತ್ಯಾವಣಿಗೆಯಷ್ಟು ದೂರದಿಂದಲೂ ಕೊಡ ಹಿಡಿದು ಬರುತ್ತಿದ್ದರು. ಅದಕ್ಕೆ ಬೆಲೆ ಇಲ್ಲ. ಆದರೆ ಒಯ್ದವರು ಸುಮ್ಮನಿರುವಂತಿಲ್ಲ. ಆ ಚೊಗರಿನಲ್ಲಿ ಬೇಯಿಸಿ ಒಣಗಿಸಿದ ಮೊದಲ ಅಡಿಕೆಯಲ್ಲಿ ಒಂದು ಬೊಗಸೆ ತಂದುಕೊಡಬೇಕು. ಅವರ ಮನೆಯ ಅಡಿಕೆಗೆ ನಮ್ಮ ಬಣ್ಣ ಹೇಗೆ ಹತ್ತಿದೆ ಎಂದು ನೋಡುವುದು, ಒಂದನ್ನು ಕಡಿಯುವುದು, “ಚೆನ್ನಾಗೈತೆ” ಎನ್ನುವುದು. ಅಲ್ಲಿಗೆ ಮುಗಿಯಿತು.

ಹೀಗೆ ಹೆಸರು ನಿಂತಿತ್ತು. ಪೇಟೆಯ ಅಡಿಕೆ ಮಂಡಿಯಲ್ಲಿ ನಮ್ಮ ಮನೆಯ ಚೀಲವನ್ನು ಬಿಚ್ಚುತ್ತಿರಲಿಲ್ಲ. ಬೇರೆಯವರ ಚೀಲಕ್ಕೆ ಕೊಕ್ಕೆ ಹಾಕಿ ಹೊಲಿಗೆ ಕಿತ್ತು, ನೆಲಕ್ಕೆ ಸುರಿದು, ಆರಿಸಿ ನೋಡುತ್ತಾರೆ. ನಮ್ಮದನ್ನು ಸಾಹುಕಾರರು ಅಂಗೈಯಿಂದ ಒಮ್ಮೆ ತಟ್ಟಿ, ಮೂಸಿ, ‘ಆ ಕಡೆ ಹಾಕ್ರಪ್ಪಾ’ ಎನ್ನುತ್ತಿದ್ದರು. ಅಷ್ಟೇ. ಮಗ ಮನೆಗೆ ಬಂದು ತನ್ನ ಸೋದರತ್ತೆಗೆ ಹೇಳಬೇಕಾದ ಸುದ್ದಿಯೂ ಅದೊಂದೇ. “ಬಿಚ್ಚಲಿಲ್ಲ ಅತ್ತೆ.” ನಾದಿನಿ ತಲೆ ಎತ್ತದೆ “ಹೂಂ” ಅನ್ನುತ್ತಿದ್ದಳು. ಆ “ಹೂಂ” ಅವಳ ವರ್ಷದ ಸಂಪಾದನೆ.

ಸೀಸನ್ನಿನಲ್ಲಿ ಡಬ್ಬಕ್ಕಿಷ್ಟು ಕೂಲಿ ಎಂದು ಅಡಿಕೆ ಸುಲಿಯಲು ಜಗಳೂರು ಕಡೆಯಿಂದ ಹೆಂಗಸರು ಬರುತ್ತಿದ್ದರು. ಹಿತ್ತಿಲಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ ಕೈ ಒಂದು ಕಡೆ, ಬಾಯಿ ಒಂದು ಕಡೆ. ಅವರ ಪೈಕಿ ಬಿಳಿಚೋಡಿನ ಹೆಂಗಸೊಬ್ಬಳ ಬಾಯಿಗೆ ತಡೆಯೇ ಇರಲಿಲ್ಲ. ನಾನು ಇಂಗ್ಲಿಷ್ ಪೇಪರ್ ಹಿಡಿದು ಅಲ್ಲೇ ಕೂರುತ್ತಿದ್ದೆ. ಎರಡು ವರ್ಷದ ಹಿಂದೆ ಇರಬೇಕು, ಪಕ್ಕದ ದೇಶಗಳಿಂದ ಅಡಿಕೆ ಸುಂಕವಿಲ್ಲದೆ ಬರುತ್ತದೆ ಎಂಬ ಸುದ್ದಿಯನ್ನು ಕನ್ನಡ ಮಾಡಿ ಓದಿ ಹೇಳಿದೆ. ಭೂತಾನ್, ಶ್ರೀಲಂಕಾ, ಫ್ರೀ ಟ್ರೇಡ್ ಅಗ್ರಿಮೆಂಟ್, ಡ್ಯೂಟಿ ಫ್ರೀ.

“ಅಮ್ಮಾರೆ, ಅಲ್ಲೂ ಸುಲಿಯಾಕೆ ಹೆಂಗಸ್ರು ಬೇಕಲ್ಲ? ಡಬ್ಬಕ್ಕೆ ಎಷ್ಟು ಕೊಡ್ತಾರಂತೆ ನೋಡ್ರಿ ಪೇಪರ್‌ನಾಗೆ,” ಅಂದಳು ಬಿಳಿಚೋಡಿನವಳು. “ಜಾಸ್ತಿ ಇದ್ರೆ ನಾಳೆ ನಾವೂ ಅತ್ಲಾಗೇ ಬಸ್ಸು ಹತ್ತೀವಿ.”

“ಬಸ್ಸಲ್ಲ, ವಿಮಾನ ಹತ್ತಬೇಕು ಕಣೆ,” ಅಂದೆ.

“ವಿಮಾನದಾಗೆ ಮೆಟ್ಟುಗತ್ತಿ ಬಿಡ್ತಾರೇನ್ರೀ?”

ಎಲ್ಲರೂ ನಕ್ಕರು. ನಾದಿನಿ ಮಾತ್ರ ಕೊಪ್ಪರಿಗೆ ಕದಡುತ್ತ ಹೇಳಿದಳು: “ನೆರೆಹೊರೆ ಅಂದ್ಮ್ಯಾಲೆ ಕೊಟ್ಟು ತಗಳಾದು ಇದ್ದೇ ಇರ್ತೈತೆ. ಅವ್ರ ಅಡಿಕೆ ಅವ್ರು ಮಾರ್ತಾರೆ. ಅದ್ರಾಗೇನು ತಪ್ಪೈತೆ?”

ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಬೋರ್ಡಿಂಗಿನಲ್ಲಿ ನಮಗೆ ಎಂಬ್ರಾಯ್ಡರಿ ಹೇಳಿಕೊಡುತ್ತಿದ್ದ ಸಿಸ್ಟರ್ ಸಿಲೋನಿನವರು. ಅವರ ತಾಯಿಯ ಮನೆಯ ಹಿಂದೆಯೂ ಅಡಿಕೆ ಮರಗಳಿದ್ದವಂತೆ. ಸಂಜೆ ಗಾಳಿಗೆ ಆ ಮರಗಳು ಒಂದಕ್ಕೊಂದು ತಲೆ ತಾಗಿಸುವುದನ್ನು ಹೇಳುವಾಗ ಅವರ ಸೂಜಿ ನಿಂತುಬಿಡುತ್ತಿತ್ತು. ಆ ಮರಗಳ ಮೇಲೆ ನಾನು ಹೇಗೆ ಸಿಟ್ಟಾಗಲಿ? ಅದೂ ಯಾರದೋ ಹಿತ್ತಿಲು.

ಹೊನ್ನಾಳಿಯ ಬೀಗರು ಬಂದದ್ದು ಅದರ ಮುಂದಿನ ಸೀಸನ್ನಿನ ಆರಂಭದಲ್ಲಿ. ನಾದಿನಿಯ ಮಗಳನ್ನು ಹೊನ್ನಾಳಿಗೆ ಕೊಟ್ಟಿದೆ. ಬಂದವರು ಅವಳ ಗಂಡನ ಅಣ್ಣ, ಆ ಮನೆಯ ಯಜಮಾನ. ಅಡಿಕೆ ವ್ಯಾಪಾರವೂ ಉಂಟು, ತೋಟವೂ ಸ್ವಲ್ಪ ಉಂಟು. ಹಣ್ಣು, ಖಾರ, ಮಂಡಕ್ಕಿ ಎಲ್ಲ ಹೊತ್ತು ತಂದಿದ್ದರು. ಮಾತು ಸಕ್ಕರೆ.

“ಬೀಗಿತ್ತೇರೆ, ಈ ಸಲ ನಾವೂ ಮನ್ಯಾಗೇ ಒಲೆ ಹೂಡೀವಿ. ಬಣ್ಣ ಹತ್ತವಲ್ದು. ನಿಮ್ಮ ಚೊಗರು ಕೊಟ್ರೆ ನಮ್ಮ ಪುಣ್ಯ.”

“ಅಯ್ಯೋ, ಅದಕ್ಕೆ ನೀವೇ ಬರಬೇಕಿತ್ತಾ? ಮಗಳ ಕೈಲಿ ಒಂದು ಮಾತು ಹೇಳಿಸಿದ್ರೆ ಕಳಿಸ್ತಿದ್ದೆ. ಕೊಡ ತಂದೀರಾ?”

ಅವರು ತಂದದ್ದು ಕೊಡವಲ್ಲ. ಗಾಡಿಯ ಹಿಂದೆ ನೀಲಿ ಪ್ಲಾಸ್ಟಿಕ್ ಕ್ಯಾನುಗಳಿದ್ದವು, ಹಾಲಿನ ಡೇರಿಗೆ ಒಯ್ಯುವಷ್ಟು ದೊಡ್ಡವು. ನಾದಿನಿ ಒಂದು ಕ್ಷಣ ಅವನ್ನು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಗುಡಾಣದ ಬಟ್ಟೆ ಬಿಚ್ಚಿ, ಮೊಗೆದು ಕೊಟ್ಟಳು. ನಮಗೆ ಅರ್ಧಕ್ಕಿಂತ ಕಡಿಮೆ ಉಳಿಯಿತು. ಗಾಡಿ ಹೊರಟ ಮೇಲೆ ಬಿಳಿಚೋಡಿನವಳು ಕತ್ತಿಯಿಂದ ತಲೆ ಎತ್ತದೆಯೇ ಅಂದಳು:

“ಏನ್ ಅಕ್ಕಾರೆ, ಬೀಗ್ರು ಅಡಿಕೆ ಬೇಯಿಸ್ತಾರೋ, ಹೊಳೆ ನೀರಿಗೇ ಬಣ್ಣ ಹಾಕ್ತಾರೋ?”

“ಸುಮ್ನಿರೆ. ಮಗಳ ಮನೆ ಅದು.”

ಬೊಗಸೆ ಅಡಿಕೆ ಬರಲಿಲ್ಲ. ಮೊದಲ ಕೊಪ್ಪರಿಗೆಯದು ಇನ್ನೂ ಒಣಗಿರಲಿಕ್ಕಿಲ್ಲ ಎಂದಳು ನಾದಿನಿ, ಕೆಲಸದ ಗಡಿಬಿಡಿ ಎಂದಳು, ಸಂಕ್ರಾಂತಿಗೆ ಮಗಳೇ ತರುತ್ತಾಳೆ ಎಂದಳು. ಮಗಳು ಸಂಕ್ರಾಂತಿಗೆ ಎಳ್ಳು ತಂದಳು, ಅಡಿಕೆ ತರಲಿಲ್ಲ. ಕೇಳಿದರೆ ಕೈಯಲ್ಲಿದ್ದ ಬಳೆ ತಿರುಗಿಸುತ್ತ, “ಒಲೆ ಮನೇಲಿ ಇಲ್ಲವ್ವಾ, ಊರ ಹೊರಗೆ ಗೋಡೌನ್‌ನಾಗೆ ಐತೆ. ನಾನು ಆ ಕಡೆ ಹೋಗಲ್ಲ,” ಅಂದಳು. ನಾದಿನಿ ಮತ್ತೆ ಕೇಳಲಿಲ್ಲ. ಆದರೆ ಆಮೇಲೆ ಅವಳು ಒಲೆಯ ಮುಂದೆ ಕೂತು, ಯಾರೋ ಕರೆದ ಹಾಗೆ, ಆಗಾಗ ಹೊನ್ನಾಳಿ ದಿಕ್ಕಿಗೆ ತಿರುಗುವುದನ್ನು ನಾನು ನೋಡಿದೆ.

ಮಂಡಿ ಸಾಹುಕಾರರು ನಮ್ಮ ಮನೆಗೆ ಬಂದವರೇ ಅಲ್ಲ. ಒಂದು ಮಧ್ಯಾಹ್ನ ಬಂದರು. ಬಿಳಿ ಶರ್ಟು, ಕೈಯಲ್ಲಿ ಗಂಟು ಕಟ್ಟಿದ ಕರ್ಚೀಫು. ನೀರು ಕೊಟ್ಟೆ, ಕುಡಿಯಲಿಲ್ಲ. ನಾದಿನಿಯನ್ನು ಕರೆಸಿ, ಕರ್ಚೀಫು ಬಿಚ್ಚಿ, ಅವಳ ಬೊಗಸೆಗೆ ಕೆಂಪಡಿಕೆ ಸುರಿದರು.

“ನೋಡಿ ಹೇಳ್ರಿ ಅಕ್ಕಾರೆ. ಇದು ನಿಮ್ಮದೇ ಅಲ್ವಾ?”

ಅವಳು ಮೂಸಿದಳು. ಅವಳ ಮುಖದಲ್ಲಿ ಗುರುತು ಹತ್ತಿದ ಬೆಳಕು ಬಂತು. ನನಗೂ ಎರಡು ಮಾರು ದೂರಕ್ಕೆ ಬಂತು ಆ ವಾಸನೆ: ಅತ್ತೆಯ ಸೀರೆಯ ಸೆರಗಿನ ವಾಸನೆ. ಆಮೇಲೆ ಅವಳು ಒಂದನ್ನು ಹಲ್ಲಿಗೆ ಹಾಕಿ ಕಡಿದಳು. ಅಡಿಕೆ ಕಡಿದರೆ ಬರುವ ಶಬ್ದ ಬರಲಿಲ್ಲ. ಒಣಗಿದ ಬೆಂಡಿನಂಥ ಮೆತ್ತನೆಯ ಸದ್ದು. ಒಳಗೆ ಬಿಳಿಚಿಕೊಂಡಿತ್ತು, ಹಳೆಯದು, ಎಲ್ಲೋ ಎಷ್ಟೋ ಕಾಲ ಚೀಲದಲ್ಲಿ ಬಿದ್ದದ್ದು. ಅವಳು ಅದನ್ನು ಅಂಗೈಗೆ ಉಗುಳಿ, ನೋಡುತ್ತ ನಿಂತಳು. ಸತ್ತವರ ಸೀರೆ ಉಟ್ಟು ಅಪರಿಚಿತಳೊಬ್ಬಳು ಎದುರಿಗೆ ಬಂದು ನಿಂತರೆ ಹೇಗೆ ನೋಡುತ್ತೇವೋ ಹಾಗೆ.

“ಚೊಗರು ನಮ್ಮದು,” ಅಂದಳು. “ಅಡಿಕೆ ನಮ್ಮದಲ್ಲ.”

“ಹೊರಗಿಂದು. ಗಡಿ ಆಚೆಯದು,” ಅಂದರು ಸಾಹುಕಾರರು. “ಪಕ್ಕದ ದೇಶದ್ದು ಅಂತಾರೆ, ಅಲ್ಲೇ ಬೆಳೆದಿದ್ದೂ ಅಲ್ಲ ಅಂತಾರೆ. ಇನ್ನೆಲ್ಲಿಂದಲೋ ಹಡಗಿನಾಗೆ ಅಲ್ಲಿ ಇಳೀತೈತೆ, ಅಲ್ಲಿ ಒಂದು ಕಾಗದ ಮಾಡಿಸ್ಕಂತೈತೆ, ಇಲ್ಲಿಗೆ ಸುಂಕ ಇಲ್ದೆ ಬರ್ತೈತೆ. ಯಾವುದು ಯಾರದು ಅಂತ ನಮಗೇ ತಿಳಿಯವಲ್ದು. ಬಣ್ಣ ಇಲ್ದೆ ಬಿಳೀದಾಗೇ ಬಂದ್ರೆ ಗೊತ್ತಾಗ್ತೈತೆ. ನಿಮ್ಮ ಬಣ್ಣ ಬಳ್ಕಂಡು ಬಂದ್ರೆ ಹೆಂಗೆ ಗೊತ್ತಾಗಬೇಕು? ನಾನು ಮೂಸಿ ನೋಡಿ, ನಿಮ್ಮದೇ ಅಂದ್ಕಂಡು, ಬಿಚ್ಚದೆ ತಗಂಡೆ ಅಕ್ಕಾರೆ. ನನ್ನಿಂದ ಕೊಂಡಿದ್ದ ಉತ್ತರ ಭಾರತದ ಪಾರ್ಟಿ ವಾಪಸ್ ಕಳಿಸ್ಯಾರೆ.”

“ಚೀಲ ಯಾರು ತಂದ್ರು ನಿಮಗೆ?”

“ಕೈ ಬದಲಾಗಿ ಬದಲಾಗಿ ಬಂದೈತೆ. ಅದಕ್ಕೇ ಕೇಳಾಕೆ ಬಂದೆ. ಚೊಗರು ಯಾರಿಗೆ ಕೊಟ್ರಿ?”

ನಾನು ನಾದಿನಿಯ ಕಡೆ ನೋಡಿದೆ. ಹೆಸರು ಹೇಳಿದರೆ ನಮ್ಮ ಮನೆಯ ಮಾತು ಉಳಿಯುತ್ತದೆ, ಚೀಲ ಬಿಚ್ಚದೆ ನಡೆಯುತ್ತದೆ. ಆದರೆ ಹೇಳಿದ ಹೆಸರು ಸಂಜೆಯೊಳಗೆ ಹೊನ್ನಾಳಿ ಮುಟ್ಟುತ್ತದೆ. ಆ ಮನೆಯಲ್ಲಿ ಮಗಳು ದಿನಾ ಉಣ್ಣಬೇಕು, ಮಲಗಬೇಕು.

“ಕೇಳಿದೋರಿಗೆಲ್ಲ ಕೊಟ್ಟೀನಿ.”

“ಅವ್ರ ಪೈಕಿ ಯಾರು ಜಾಸ್ತಿ ಒಯ್ದ್ರು?”

“ಕೊಟ್ಟಿದ್ದು ಅಳೆದು ಇಟ್ಕಳಾ ರೂಢಿ ಇಲ್ಲ ನಮ್ಮನ್ಯಾಗೆ.”

ಸಾಹುಕಾರರು ಕರ್ಚೀಫು ಕೊಡವಿ ಮಡಿಸಿದರು. “ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅಕ್ಕಾರೆ. ಆದ್ರೆ ಇನ್ನು ನಿಮ್ಮ ಚೀಲಾನೂ ಬಿಚ್ಚಬೇಕಾಗ್ತೈತೆ.”

ಮುಂದಿನ ಲಾಟ್ ಹೋದ ದಿನ ಅವಳು ನನ್ನ ಮಗನ ಜೊತೆ ತಾನೂ ಮಂಡಿಗೆ ಹೊರಟಳು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ಅವಳೊಬ್ಬಳೇ ಬೇಡವೆಂದು ನಾನೂ ಹೋದೆ. ನಮ್ಮಿಬ್ಬರಿಗೆ ಬೆಂಚು ಹಾಕಿಸಿದರು. ಹಮಾಲಿ ಕೊಕ್ಕೆ ಹಾಕಿ ಹೊಲಿಗೆ ಎಳೆದ. ಚರ್ರನೆ ದಾರ ಬಿಚ್ಚಿಕೊಂಡ ಆ ಶಬ್ದ ನನಗೆ ಈಗಲೂ ಕೇಳಿಸುತ್ತದೆ, ಯಾರಾದರೂ ಬಟ್ಟೆ ಹರಿದಾಗ, ದಿಂಬಿನ ಕವರ್ ಬಿಚ್ಚಿದಾಗ. ಅಡಿಕೆ ನೆಲದ ಮೇಲೆ ಹರಡಿತು. ಸುತ್ತ ನಿಂತವರು ಕುಕ್ಕುರುಗಾಲಲ್ಲಿ ಕೂತು ಆರಿಸಿದರು, ಅಡಕತ್ತರಿಯಲ್ಲಿ ಒಂದೊಂದನ್ನೇ ಸೀಳಿದರು. ಒಳಗೆ ಎಲ್ಲವೂ ಸರಿಯಾಗಿತ್ತು. ಇರಲೇಬೇಕಲ್ಲ.

“ಮಾಲು ಚೆನ್ನಾಗೈತೆ,” ಅಂದರು ಸಾಹುಕಾರರು. ಮೂಸಿದರು. ಆಮೇಲೆ ಆ ವಾಸನೆ ಹತ್ತಿದ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಬೇಕೆಂದು ಮಾಡಿದ್ದಲ್ಲ. ನಾದಿನಿ ಆ ಬೆರಳುಗಳನ್ನೇ ನೋಡುತ್ತಿದ್ದಳು.

ನೆರೆಯ ದೇಶಗಳ ನಡುವೆ ಗೋಡೆ ಇರಬೇಕೆಂದು ನಾನು ಇವತ್ತಿಗೂ ಹೇಳಲಾರೆ. ‘ಲವ್ ದೈ ನೇಬರ್’ ಎಂದು ದಿನಾ ಪ್ರೇಯರ್‌ನಲ್ಲಿ ಹೇಳಿಸಿಕೊಂಡವಳು ನಾನು. ಆದರೆ ಆ ಒಪ್ಪಂದಕ್ಕೆ ಸಹಿ ಹಾಕಿದವರು ಎರಡು ಮನೆಗಳ ನಡುವಿನ ಬಾಗಿಲು ತೆಗೆದರೇ ಹೊರತು, ಆ ಬಾಗಿಲಿನಿಂದ ಬರುವವರು ನೆರೆಮನೆಯವರೇ ಹೌದೋ ಎಂದು ನೋಡಲು ಯಾರನ್ನೂ ಕೂರಿಸಲಿಲ್ಲ. ಎಲ್ಲೋ ಹುಟ್ಟಿದ ಅಡಿಕೆಗೆ ಇಂಥಲ್ಲೇ ಬೆಳೆದದ್ದೆಂಬ ‘ಸರ್ಟಿಫಿಕೇಟ್ ಆಫ್ ಆರಿಜಿನ್’ ಸಿಗುತ್ತದೆ. ಉಬ್ರಾಣಿಯಲ್ಲಿ ಹುಟ್ಟಿ ನಮ್ಮ ಹಿತ್ತಿಲಲ್ಲಿ ಬೆಂದ ಅಡಿಕೆಗೆ ಅದು ನಮ್ಮದೆಂದು ಹೇಳುವ ಯಾವ ಕಾಗದವೂ ಇಲ್ಲ. ಅದಕ್ಕಿದ್ದದ್ದು ಒಂದು ವಾಸನೆ. ಅದನ್ನೂ ಎರವಲು ಒಯ್ದರು. ಹೀಗೆ ಬಂದ ಅಡಿಕೆಯಿಂದ ದರ ಬಿದ್ದದ್ದರ ಬಗ್ಗೆ ಪೇಪರಿನವರು ಬರೆಯುತ್ತಾರೆ, ಬರೆಯಲಿ. ನೆರೆಯವರಿಗೆ ಕೊಡುವ ಕೈಗೇ ಅಂಜಿಕೆ ಹುಟ್ಟಿದ್ದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ?

ಅದಾಗಿ ಸ್ವಲ್ಪ ದಿನಕ್ಕೆ ಬೆಳಿಗ್ಗೆ ಮಗಳ ಫೋನ್ ಬಂತು. ನಾದಿನಿಗೆ ಕಿವಿ ಮಂದ, ಸ್ಪೀಕರ್‌ಗೆ ಹಾಕಿಯೇ ಮಾತಾಡುವುದು.

“ಅವ್ವಾ, ಭಾವಾರು ಕೇಳಾಕೆ ಹೇಳಿದ್ರು. ಇನ್ನೊಂದು ಲೋಡ್ ಬಂದೈತಂತೆ. ಚೊಗರು ಇನ್ನೂ ಐತಾ ಅಂತ. ಮಧ್ಯಾಹ್ನ ಗಾಡಿ ಕಳಿಸ್ತಾರಂತೆ.” ದನಿ ತಗ್ಗಿತು. ಪಕ್ಕದಲ್ಲಿ ಯಾರೋ ಇದ್ದರು. “ಏನಂತ ಹೇಳ್ಲಿ?”

“ತಡಿ. ನಾನೇ ಫೋನ್ ಮಾಡ್ತೀನಿ ಆಮ್ಯಾಲೆ.”

ಫೋನಿಟ್ಟು ಅವಳು ಗುಡಾಣದ ಮೂಲೆಗೆ ಹೋಗಿ ನಿಂತಳು. ನಾನು ಹಿಂದೆಯೇ ಹೋದೆ.

“ಕೆಟ್ಟು ಹೋಯ್ತು ಅಂತ ಹೇಳಿಬಿಡು,” ಅಂದೆ. “ಇಟ್ಸ್ ಓನ್ಲಿ ಎ ವೈಟ್ ಲೈ. ಯಾರು ಬಂದು ನೋಡುತ್ತಾರೆ?”

“ಗಾಡಿ ಕಳಿಸಿ ನೋಡಿಸ್ತಾರೆ ಅವ್ರು. ನಾನು ಸುಳ್ಳು ಹೇಳಿದ್ರೆ ಅದನ್ನ ಅಲ್ಲಿ ಮಗ್ಳು ಹೇಳಬೇಕು. ಆ ಮನ್ಯಾಗೆ ಅವ್ಳು ಸುಳ್ಳಿ ಅನ್ನಿಸ್ಕಬಾರ್ದು ಅತ್ಗೆ.”

“ಹಾಗಾದರೆ ಕೊಡುವುದಿಲ್ಲ ಅನ್ನು. ನೇರವಾಗಿ.”

“ಇಟ್ಕಂಡು ಇಲ್ಲ ಅನ್ನೋದಾ?” ಅವಳು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದಳು. “ಹಿಡಿ ಈ ಕಡೆ.”

ಏನು ಮಾಡಲಿದ್ದಾಳೆಂದು ನನಗೆ ಆಗ ತಿಳಿಯಿತು. ಸೆರಗು ಸಿಕ್ಕಿಸಿ ಗುಡಾಣದ ಇನ್ನೊಂದು ಕಡೆ ಹಿಡಿದೆ. ಇಬ್ಬರು ಮುದುಕಿಯರು ಗುಡಾಣವನ್ನು ತಬ್ಬಿಕೊಂಡು, ಉರುಳಿಸುತ್ತ, ನಿಲ್ಲಿಸುತ್ತ, ಹಿತ್ತಿಲ ಕೊನೆಗೆ ಒಯ್ದೆವು. ಚರಂಡಿಗೆ ಬೇಡವೆಂದಳು. ಸಿಪ್ಪೆ ಕೊಳೆಯುವ ಗುಂಡಿಯ ಪಕ್ಕದ ಬರಿ ಮಣ್ಣಿನಲ್ಲಿ ಬಗ್ಗಿಸಿದೆವು. ಮೊದಲು ತೆಳುವಾಗಿ ಹರಿಯಿತು, ಆಮೇಲೆ ಗಟ್ಟಿ. ಮಣ್ಣು ತಕ್ಷಣ ಕುಡಿಯಲಿಲ್ಲ. ಮೇಲೆ ಕೆಂಪಗೆ ನಿಂತು, ನಿಧಾನವಾಗಿ ಒಳಗಿಳಿಯಿತು. ತಳದಲ್ಲಿ ಡಾಂಬರಿನಂಥದ್ದು ಅಂಟಿತ್ತು, ಎಲ್ಲಕ್ಕಿಂತ ಹಳೆಯದು. ಅವಳು ತೋಳನ್ನು ಭುಜದವರೆಗೆ ಒಳಗೆ ಬಿಟ್ಟು ಬೆರಳಿಂದಲೇ ಕೆರೆದಳು. ತುಟಿ ಅಲುಗುತ್ತಿತ್ತು. ಒಳಗಿನ ಟೊಳ್ಳಿನಲ್ಲಿ ಅವಳ ಉಸಿರು ಬೇರೆ ಯಾರದೋ ಉಸಿರಿನ ಹಾಗೆ ತಿರುಗಿ ಬರುತ್ತಿತ್ತು. ನಾನು ಆ ಕಡೆ ಕಿವಿ ಕೊಡಲಿಲ್ಲ, ಕೊಡಲು ಹೆದರಿದೆ.

ನೀರು ಹಾಕಿ ತೊಳೆದೆವು, ಮತ್ತೆ ತೊಳೆದೆವು. ನೀರು ತಿಳಿಯಾಗುವವರೆಗೂ ಅವಳು ಬಿಡಲಿಲ್ಲ. ಗುಡಾಣವನ್ನು ಬಿಸಿಲಿಗೆ ಬೋರಲು ಹಾಕಿ, ಸೋಪಿನಿಂದ ಕೈ ಉಜ್ಜಿದಳು. ಬಣ್ಣ ಹೋಗಲಿಲ್ಲ. ಅದೇ ಕೆಂಪು ಹೆಬ್ಬೆರಳಿನಿಂದ ಫೋನ್ ಒತ್ತಿದಳು.

“ಇಲ್ಲ ಕಣವ್ವಾ. ನಮ್ಮನ್ಯಾಗೆ ಚೊಗರು ಇಲ್ಲ.”

“ಸ್ವಲ್ಪಾನೂ?”

“ಒಂದು ಹನಿ ಇಲ್ಲ. ಗುಡಾಣ ತೊಳೆದು ಬೋರಲು ಹಾಕೀವಿ. ಬೇಕಾದ್ರೆ ಗಾಡಿ ಕಳಿಸಿ ನೋಡಿಸ್ರಿ ಅನ್ನು. ಧೈರ್ಯವಾಗಿ ಹೇಳು.”

ಆ ಕಡೆ ಹೆಜ್ಜೆಯ ಸದ್ದು. ಒಂದು ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ ಮಗಳ ದನಿ ತೀರ ಹತ್ತಿರ ಬಂತು, ಫೋನಿಗೆ ತುಟಿ ತಾಗಿಸಿದ ಹಾಗೆ.

“ಎಲ್ಲಾನೂ ಚೆಲ್ಲಿಬಿಟ್ಯಾ ಅವ್ವಾ?”

ನಾದಿನಿ ಬಿಸಿಲಲ್ಲಿ ಬೋರಲು ಬಿದ್ದ ಗುಡಾಣದ ಕಡೆ ನೋಡಿದಳು.

“ಸರಿ. ಹೇಳ್ತೀನಿ,” ಅಂದಳು ಮಗಳು. ಮೂಗು ಏರಿಸಿದ್ದು ಕೇಳಿಸಿತು. “ಊಟ ಆತಾ ನಿಮ್ಮಿಬ್ರದೂ?”

“ಇನ್ನಾ ಇಲ್ಲ.”

“ಮೊದ್ಲು ಉಣ್ಣಾಕೆ ಹೋಗ್ರಿ.”